ತಾಮ್ರಪತ್ರ ಬರೋ ಹೊತ್ತಿಗೆ ದನಿ ಉಳಿದಿರಬೇಕಲ್ಲ!

ದುರ್ಗದ ಬೈಲಿನ ಚಹಾದ ಅಂಗಡಿ. ಸಂಜೆ ಆರರ ಸುಮಾರು. ಪಕ್ಕದ ಬಟ್ಟೆ ಅಂಗಡಿಯ ಮಾಲೀಕರು ಗಿರಾಕಿಗಳನ್ನು ಮಗನಿಗೆ ಒಪ್ಪಿಸಿ ಅರ್ಧ ಕಪ್ ಚಹಾಕ್ಕೆಂದು ಬಂದಿದ್ದರು. ಎಂದಿನಂತೆ ಮಾತು ತೆಗೆದವರೂ ಅವರೇ.

'ಅಲ್ರೀ ಪೇಪರ್ ಸಾಹೇಬ್ರ, ಸಿನಿಮಾದವ್ರಿಗೆ ರಾಷ್ಟ್ರಪ್ರಶಸ್ತಿ ಬಂತಂದ್ರ ಇಡೀ ದೇಶಕ್ಕ ಗೊತ್ತಾಗ್ತೈತಿ. ಈ ನಾಟಕದವ್ರಿಗೆ, ಹಾಡೋರಿಗೆ, ಕುಣಿಯೋರಿಗೆ ಅಂಥಾದ್ದೇನಾರ ಐತೇನ್ರಿ?'

'ಐತ್ರಿ. ಶುರುವಾಗಿ ಎಪ್ಪತ್ತು ವರ್ಷದ ಮ್ಯಾಲಾತು' ಅಂದೆ.

'ಮತ್ತ ನಮಗ್ಯಾಕ ಗೊತ್ತಿಲ್ಲ?'

ಒಳ್ಳೇ ಪ್ರಶ್ನೆ. ಉತ್ತರ ಹೇಳುವುದರೊಳಗೆ ಅವರ ಚಹಾ ಮುಗಿದಿತ್ತು, ಅಂಗಡಿಯಿಂದ ಕರೆ ಬಂದಿತ್ತು. ಆದ್ದರಿಂದ ಉತ್ತರವನ್ನು ಈ ಅಂಕಣದಲ್ಲೇ ಬರೆಯುತ್ತಿದ್ದೇನೆ. ಬಸ್ಸಿಗೆ ಕಾಯುತ್ತ ನಿಂತ ಓದುಗ ಬಂಧುಗಳೂ ಇದನ್ನು ಓದಬಹುದು. ಯಾಕೆಂದರೆ ವಿಷಯ ದಿಲ್ಲಿಯದಾದರೂ ಅದರ ಒಂದು ತುದಿ ನಮ್ಮ ಹುಬ್ಬಳ್ಳಿ, ಧಾರವಾಡ, ಕುಂದಗೋಳಗಳಲ್ಲೇ ಇದೆ.

ಏನಿದು ಪ್ರಶಸ್ತಿ?

ಹೆಸರು ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ. ನಮ್ಮ ಕಡೆಯ ಕಲಾವಿದರ ಬಾಯಲ್ಲಿ ಇದು 'ರಾಷ್ಟ್ರಪತಿ ಪ್ರಶಸ್ತಿ'. ಸಾಮಾನ್ಯವಾಗಿ ರಾಷ್ಟ್ರಪತಿಗಳೇ ಕೈಯಾರೆ ಕೊಡುತ್ತಾರೆಂದು ಆ ಹೆಸರು ಅಂಟಿಕೊಂಡಿದೆ. ಸಂಗೀತ, ನೃತ್ಯ, ನಾಟಕ, ಜಾನಪದ ಕಲೆ, ಗೊಂಬೆಯಾಟ — ಒಟ್ಟಿನಲ್ಲಿ ಜನರ ಎದುರು ನಿಂತು ಮಾಡಿ ತೋರಿಸುವ ಕಲೆಗೆ ಈ ದೇಶದ ಸರ್ಕಾರ ಕೊಡುವ ದೊಡ್ಡ ಮರ್ಯಾದೆ ಇದೇ.

1952ರ ಪಟ್ಟಿಯಲ್ಲಿ ಇದ್ದವರು ನಾಲ್ಕೇ ಜನ. ಹಿಂದೂಸ್ತಾನಿಯಲ್ಲಿ ಉಸ್ತಾದ್ ಅಲ್ಲಾವುದ್ದೀನ್ ಖಾನ್ ಮತ್ತು ಉಸ್ತಾದ್ ಮುಷ್ತಾಕ್ ಹುಸೇನ್ ಖಾನ್. ಕರ್ನಾಟಕ ಸಂಗೀತದಲ್ಲಿ ವೀಣೆಯ ಕಾರೈಕ್ಕುಡಿ ಸಾಂಬಶಿವ ಅಯ್ಯರ್ ಮತ್ತು ಗಾಯಕ ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್. ಅಕಾಡೆಮಿಯ ವಿಧ್ಯುಕ್ತ ಉದ್ಘಾಟನೆ ಆದದ್ದು 1953ರ ಜನವರಿ 28ರಂದು, ಅದೂ ಸಂಸತ್ ಭವನದಲ್ಲಿ, ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರ ಹಸ್ತದಿಂದ. ಆಮೇಲೆ ವರ್ಷದಿಂದ ವರ್ಷಕ್ಕೆ ಪಟ್ಟಿ ಬೆಳೆಯಿತು. ನಾಟಕ ಸೇರಿತು, ನೃತ್ಯ ಸೇರಿತು, ಬೆಳಕು ಬಿಡುವವರು, ಬಣ್ಣ ಬಳಿಯುವವರು, ರಂಗಸಂಗೀತದವರು ಸಹ ಸೇರಿದರು.

ರೊಕ್ಕದ ಲೆಕ್ಕ ಕೇಳುವವರಿಗೆ ಹೇಳುತ್ತೇನೆ. ಪ್ರಶಸ್ತಿಗೆ 1 ಲಕ್ಷ ರೂಪಾಯಿ, ಒಂದು ತಾಮ್ರಪತ್ರ, ಒಂದು ಅಂಗವಸ್ತ್ರ. ಇದಕ್ಕಿಂತ ಮೇಲಿನದು ಫೆಲೋಶಿಪ್. ಅದಕ್ಕೆ 3 ಲಕ್ಷ. ಫೆಲೋಗಳ ಸಂಖ್ಯೆಗೆ ಮಿತಿ ಇದೆ. ಏಕಕಾಲಕ್ಕೆ ಬದುಕಿರುವವರು 40 ಮಂದಿಯನ್ನು ಮೀರುವಂತಿಲ್ಲ. 40 ದಾಟದ ಹುಡುಗ ಹುಡುಗಿಯರಿಗೆ ಉಸ್ತಾದ್ ಬಿಸ್ಮಿಲ್ಲಾ ಖಾನ್ ಹೆಸರಿನ ಯುವ ಪುರಸ್ಕಾರ 2006ರಿಂದ ಪ್ರತ್ಯೇಕವಾಗಿ ಇದೆ.

ಸಮಾರಂಭ ಹೇಗಿರುತ್ತೆ?

ಈಚಿನ ವರ್ಷಗಳಲ್ಲಿ ದಿಲ್ಲಿಯ ವಿಜ್ಞಾನ ಭವನದಲ್ಲಿ ಜರುಗಿದೆ. ಹೆಸರು ಕೂಗುತ್ತಾರೆ, ಕಲಾವಿದರು ವೇದಿಕೆಗೆ ಬರುತ್ತಾರೆ. ಸಾವಿರಾರು ಜನರ ಎದುರು ರಾತ್ರಿಯಿಡೀ ಅಂಜದೆ ನಿಂತವರು ಇಲ್ಲಿ ಕೇವಲ ಕೆಲವು ಹೆಜ್ಜೆ ನಡೆಯಬೇಕು, ಕೈ ಮುಗಿಯಬೇಕು, ಅಂಗವಸ್ತ್ರ ಹೊದೆಸಿಕೊಳ್ಳಬೇಕು, ತಾಮ್ರಪತ್ರ ಹಿಡಿಯಬೇಕು, ಫೋಟೋಕ್ಕೆ ಮುಖ ಕೊಡಬೇಕು, ಇಳಿಯಬೇಕು.

ಆದರೆ ಈ ಪ್ರಶಸ್ತಿಯಲ್ಲಿ ಒಂದು ಚಂದದ ಪದ್ಧತಿ ಇದೆ. ಸಮಾರಂಭ ಮುಗಿದ ಮೇಲೆ ಉತ್ಸವ. ಪ್ರಶಸ್ತಿ ಪಡೆದವರು ತಮ್ಮ ಕಲೆ ತೋರಿಸುತ್ತಾರೆ. ದಿಲ್ಲಿಯ ರವೀಂದ್ರ ಭವನದಲ್ಲಿ ಅಕಾಡೆಮಿಯ ಕಚೇರಿ. ಅದರ ಅಂಗಳದಲ್ಲೇ 'ಮೇಘದೂತ' ಎಂಬ ಬಯಲು ರಂಗಮಂದಿರ. ಟ್ಯಾಗೋರರ ಜನ್ಮಶತಾಬ್ದಿಯ ಹೊತ್ತಿಗೆ, 1961ರಲ್ಲಿ, ಹಬೀಬ್ ರೆಹಮಾನ್ ಎಂಬ ವಾಸ್ತುಶಿಲ್ಪಿ ಕಟ್ಟಿದ ಭವನ ಅದು. ಸಾಹಿತಿಗೆ ಪ್ರಶಸ್ತಿ ಕೊಟ್ಟರೆ ಅವನ ಪುಸ್ತಕ ತೋರಿಸಿದರೆ ಸಾಕು. ಹಾಡುವವನಿಗೆ ಕೊಟ್ಟರೆ ಅವನು ಹಾಡಬೇಕು. ಇಲ್ಲದಿದ್ದರೆ ನೋಡಿದವರಿಗೆ ಏನು ತಿಳಿಯಬೇಕು, ಹೇಳಿ?

ಇಲ್ಲೇ ಇದೆ ಇವತ್ತಿನ ಮಾತಿನ ಗಂಟು. ಹಾಡಬೇಕಾದರೆ ಗಂಟಲು ಇರಬೇಕು. ಕುಣಿಯಬೇಕಾದರೆ ಕಾಲು ಇರಬೇಕು. ಪ್ರಶಸ್ತಿ ಬರುವ ಹೊತ್ತಿಗೆ ಅವು ಇರುತ್ತವೆಯೇ?

ಕುಂದಗೋಳದ ಗುರು, ಹುಬ್ಬಳ್ಳಿಯ ಶಿಷ್ಯೆ

ಸವಾಯಿ ಗಂಧರ್ವರ ಹೆಸರು ಈ ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ಹೆಸರಿನ ಹಾಲ್ ಇದೆ. ಕುಂದಗೋಳದ ನಾಡಗೀರ ವಾಡೆಯಲ್ಲಿ ಅವರ ನೆನಪಿಗೆ ಹಾಡು ನಡೆಯುತ್ತದೆ. 1886ರಲ್ಲಿ ಹುಟ್ಟಿದ ರಾಮಭಾವು ಕುಂದಗೋಳಕರ್, ಮರಾಠಿ ಸಂಗೀತ ನಾಟಕಗಳಲ್ಲಿ ಸ್ತ್ರೀ ಪಾತ್ರ ಮಾಡಿ, ಹಾಡಿ ಮೆರೆದವರು. ಕೊನೆಯ ವರ್ಷಗಳಲ್ಲಿ ಪಾರ್ಶ್ವವಾಯು ಬಡಿದು ಹಾಡು ನಿಂತಿತು. ತೀರಿಕೊಂಡದ್ದು 1952ರ ಸೆಪ್ಟೆಂಬರಿನಲ್ಲಿ. ಅಂದರೆ ದೇಶ ಮೊದಲ ನಾಲ್ಕು ಜನರ ಪಟ್ಟಿ ಮಾಡಿದ ಅದೇ ವರ್ಷ. ಆ ನಾಲ್ವರಲ್ಲಿ ಅವರಿರಲಿಲ್ಲ. ಐದನೆಯ ಹೆಸರಿಗೆ ಹೊತ್ತಿರಲಿಲ್ಲ.

ಅವರ ಶಿಷ್ಯೆ ಗಂಗೂಬಾಯಿ ಹಾನಗಲ್. ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡು ಮತ್ತೆ ರೈಲಿನಲ್ಲೇ ಮನೆಗೆ ಬರುತ್ತಿದ್ದ ಹೆಣ್ಣುಮಗಳು. ದಿನಾ ಹುಬ್ಬಳ್ಳಿ-ಧಾರವಾಡ ಓಡಾಡುವ ನೌಕರರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಆ ಕಾಲದಲ್ಲಿ ಹಾಡುವ ಹೆಣ್ಣೆಂದರೆ ಜನ ಆಡುತ್ತಿದ್ದ ಮಾತುಗಳ ಕಷ್ಟ ಬೇರೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿಯ ಎದುರು, ಸ್ವಾಗತ ಗೀತೆ ಹಾಡಿದಾಗ ಆಕೆಗೆ ಹನ್ನೊಂದು ವರ್ಷ. ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂದದ್ದು 1973ರಲ್ಲಿ. ಅಂಗಡಿಕಾರ ಬಂಧುಗಳೇ, ಕಳೆದು ನೋಡಿ: 49 ವರ್ಷ! ಫೆಲೋಶಿಪ್ ಬರಲು ಮತ್ತೆ 23 ವರ್ಷ, ಅದು 1996.

ಇನ್ನೊಬ್ಬ ಶಿಷ್ಯ ಭೀಮಸೇನ ಜೋಶಿ. ಹಾಡಿನ ಹುಚ್ಚಿಗೆ ಬಾಲ್ಯದಲ್ಲೇ ಮನೆ ಬಿಟ್ಟು ಊರೂರು ಅಲೆದು ಕೊನೆಗೆ ಕುಂದಗೋಳ ಸೇರಿದವರು. ಎಪ್ಪತ್ತರ ದಶಕದಲ್ಲಿ ಪ್ರಶಸ್ತಿ, 1998ರಲ್ಲಿ ಫೆಲೋಶಿಪ್, 2008ರಲ್ಲಿ ಭಾರತರತ್ನ. ಧಾರವಾಡದ ಮಲ್ಲಿಕಾರ್ಜುನ ಮನಸೂರರು ಹುಡುಗನಾಗಿದ್ದಾಗ ನಾಟಕ ಕಂಪನಿ ಸೇರಿ, ಅಲ್ಲಿಂದ ಹಾಡಿಗೆ ಹೊರಳಿದವರು. ಅವರಿಗೆ 1971ರಲ್ಲಿ ಪ್ರಶಸ್ತಿ ಬಂದಾಗ ವಯಸ್ಸು 60. ಫೆಲೋಶಿಪ್ 1982ರಲ್ಲಿ.

ಗುರುವಿಗೆ ಬಾರದ್ದು ಶಿಷ್ಯರಿಗೆ ಬಂತು. ಅದು ಸಂತೋಷವೇ. ಗಂಗೂಬಾಯಿ, ಮನಸೂರರು ಪ್ರಶಸ್ತಿಯ ಆಚೆಗೂ ವರ್ಷಗಟ್ಟಲೆ ಹಾಡಿದರು. ನಮ್ಮ ಪುಣ್ಯ. ಅವರ ಗಂಟಲು ದಿಲ್ಲಿಯ ಕಡತಕ್ಕಿಂತ ಗಟ್ಟಿಯಾಗಿತ್ತು ಅಷ್ಟೇ. ಎಲ್ಲರ ಗಂಟಲೂ ಹಾಗಿರುತ್ತದೆಯೇ?

ನಾಟಕದವರ ಪಾಲು

ನಾಟಕದ ಕಡೆ ಬರೋಣ. ಗುಬ್ಬಿ ವೀರಣ್ಣನವರಿಗೆ 1955ರಲ್ಲೇ ಈ ಪ್ರಶಸ್ತಿ ಬಂತು. ಆನೆ, ಕುದುರೆಗಳನ್ನು ರಂಗದ ಮೇಲೆ ತಂದು 'ಕುರುಕ್ಷೇತ್ರ' ಆಡಿಸಿದ ಗಂಡೆದೆಯ ಮನುಷ್ಯ. ಆ ಕಂಪನಿಗೆ ಬಾಲಕನಾಗಿ ಓಡಿಬಂದು ಸೇರಿದ್ದ ಬಿ.ವಿ. ಕಾರಂತರಿಗೆ 1976ರಲ್ಲಿ ನಿರ್ದೇಶನಕ್ಕಾಗಿ ಬಂತು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರಿಗೆ 1996ರಲ್ಲಿ. ಅಜ್ಜನಿಂದ ಮೊಮ್ಮಗಳಿಗೆ 41 ವರ್ಷ.

ಬರೆಯುವ ನಾಟಕಕಾರರಿಗೆ ಒಮ್ಮೊಮ್ಮೆ ಬೇಗ ಸಿಕ್ಕಿದ್ದೂ ಉಂಟು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರಿಗೆ 1972ರಲ್ಲಿ ಪ್ರಶಸ್ತಿ ಬಂದಾಗ ಇನ್ನೂ 34. ಮುಂದೆ 1988ರಿಂದ 1993ರವರೆಗೆ ಅದೇ ಅಕಾಡೆಮಿಯ ಅಧ್ಯಕ್ಷಗಾದಿಯಲ್ಲಿ ಕೂತರು. ಚಂದ್ರಶೇಖರ ಕಂಬಾರರಿಗೆ 1983ರಲ್ಲಿ. ಬರೆದದ್ದು ಕಾಗದದ ಮೇಲೆ ಉಳಿಯುತ್ತದೆ. ದಿಲ್ಲಿಯವರು ಓದಬಹುದು, ಅನುವಾದ ಮಾಡಿಸಬಹುದು. ಕಂಪನಿಯಲ್ಲಿ ಪೇಟಿ ಬಾರಿಸಿದವನದು ಹಾಗಲ್ಲ. ಪರದೆ ಬಿತ್ತು, ಲೈಟು ಆರಿತು, ಆವತ್ತಿನ ಕೆಲಸ ಗಾಳಿಗೆ ಹೋಯಿತು.

ಘಟ್ಟದ ಕೆಳಗಿನ ಒಂದು ಉದಾಹರಣೆ. ಹೊನ್ನಾವರ ಸೀಮೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಅವರ ಮಗ ಶಂಭು ಹೆಗಡೆಯವರಿಗೆ 2004ರ ಅಕಾಡೆಮಿ ಪ್ರಶಸ್ತಿ ಬಂತು. 2009ರ ಫೆಬ್ರುವರಿಯಲ್ಲಿ ಇಡಗುಂಜಿಯಲ್ಲೇ ವೇಷ ಕಟ್ಟಿದ್ದಾಗ ಅಸ್ವಸ್ಥರಾದರು, ಮತ್ತೆ ಏಳಲಿಲ್ಲ. ಪ್ರಶಸ್ತಿ ಬಂದ ಮೇಲೂ ಗೆಜ್ಜೆ ಬಿಚ್ಚದವರು. ಅವರ ವಿಷಯದಲ್ಲಿ ದಿಲ್ಲಿ ಸಕಾಲಕ್ಕೆ ಎಚ್ಚೆತ್ತಿತು ಎನ್ನಬೇಕು. ಇನ್ನೂ ಐದಾರು ವರ್ಷ ಮಲಗಿದ್ದರೆ?

ಬಸ್ಸಿನ ಹಾಗೆ ಬಂದ ಪ್ರಶಸ್ತಿಗಳು

ಬಸ್ ಸ್ಟಾಪಿನಲ್ಲಿ ನಿಂತವರಿಗೆ ಈ ಅನುಭವ ಹೊಸದಲ್ಲ. ಒಂದು ತಾಸು ಬಸ್ಸೇ ಇಲ್ಲ. ಆಮೇಲೆ ಮೂರು ಬಸ್ಸು ಒಂದರ ಬೆನ್ನಿಗೊಂದು! ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಗಳೂ ಈಚೆಗೆ ಹಾಗೇ ಬಂದವು.

2018ರ ಪ್ರಶಸ್ತಿಗಳ ಪಟ್ಟಿ ಹೊರಬಿದ್ದದ್ದು 2019ರ ಜುಲೈನಲ್ಲಿ. ಕಲಾವಿದರ ಕೈಗೆ ತಾಮ್ರಪತ್ರ ಬಂದದ್ದು 2022ರ ಏಪ್ರಿಲ್ 9ರಂದು, ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರಿಂದ. ತಬಲಾದ ಜಾಕಿರ್ ಹುಸೇನರಂಥವರಿಗೆ ಫೆಲೋಶಿಪ್ ಸಂದದ್ದೂ ಆವತ್ತೇ.

2019, 2020, 2021 — ಈ ಮೂರೂ ವರ್ಷಗಳ ಪಟ್ಟಿ 2022ರ ನವೆಂಬರಿನಲ್ಲಿ ಒಟ್ಟಿಗೆ ಬಂತು. ನೂರಿಪ್ಪತ್ತಕ್ಕೂ ಹೆಚ್ಚು ಹೆಸರುಗಳು. ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು 2023ರ ಫೆಬ್ರುವರಿ 23ರಂದು ಪ್ರದಾನ ಮಾಡಿದರು.

2022, 2023ರವು 2024ರ ಮಾರ್ಚ್ 6ರಂದು. ಮತ್ತೆ ತೊಂಬತ್ತಕ್ಕೂ ಹೆಚ್ಚು ಜನ.

ಅಂದರೆ ಆರು ವರ್ಷದ ಪ್ರಶಸ್ತಿಗಳು ಮೂರು ಸಮಾರಂಭಗಳಲ್ಲಿ, ಎರಡು ವರ್ಷ ತುಂಬುವುದರೊಳಗೆ ಮುಗಿದವು. ನಡುವೆ ಕೊರೋನಾ ಬಂದು ದೇಶವೇ ಬಾಗಿಲು ಹಾಕಿಕೊಂಡಿತ್ತು, ಒಪ್ಪೋಣ. ನಿಮ್ಮ ಅಂಗಡಿಗಳೂ ಮುಚ್ಚಿದ್ದವು, ಬಸ್ಸೂ ನಿಂತಿದ್ದವು. ಆದರೆ ಆ ದಿನಗಳಲ್ಲೇ ಮೊದಲು ಹೊಟ್ಟೆ ಹೊಡೆದದ್ದು ಯಾರಿಗೆ? ಜಾತ್ರೆ ರದ್ದು, ನಾಟಕ ರದ್ದು, ಆಟ ರದ್ದು, ಕಛೇರಿ ರದ್ದು. ಜನ ಸೇರಿದರೆ ಮಾತ್ರ ಅನ್ನ ಹುಟ್ಟುವ ಕಸುಬು ಇದೊಂದೇ ಅಲ್ಲದಿದ್ದರೂ ಇದಂತೂ ಹೌದು. ಮರ್ಯಾದೆಯೂ ರೊಕ್ಕವೂ ಬೇಕಾಗಿದ್ದ ಹೊತ್ತಿನಲ್ಲೇ ಎರಡೂ ಕಡತದಲ್ಲಿ ಕೂತಿದ್ದವು.

ತಪ್ಪೊಪ್ಪಿಗೆಯ ಪ್ರಶಸ್ತಿ

ಇನ್ನೊಂದು ಸಂಗತಿ ಕೇಳಿ. ಸ್ವಾತಂತ್ರ್ಯದ 75ನೇ ವರ್ಷದ ನೆಪದಲ್ಲಿ ಅಕಾಡೆಮಿ ಒಂದು ಸಲಕ್ಕೆಂದೇ 'ಅಮೃತ ಪ್ರಶಸ್ತಿ' ಕೊಟ್ಟಿತು. ಯಾರಿಗೆ? 75 ವಯಸ್ಸು ದಾಟಿದ, ಅಲ್ಲಿಯವರೆಗೆ ಯಾವ ರಾಷ್ಟ್ರೀಯ ಗೌರವವನ್ನೂ ಕಾಣದ ಕಲಾವಿದರಿಗೆ. 2023ರ ಸೆಪ್ಟೆಂಬರ್ 16ರಂದು ಆಗಿನ ಉಪರಾಷ್ಟ್ರಪತಿ ಜಗದೀಪ್ ಧನಕರ್ ಅವರು 80ಕ್ಕೂ ಹೆಚ್ಚು ಹಿರಿಯರಿಗೆ ತಾಮ್ರಪತ್ರ, ಅಂಗವಸ್ತ್ರ, 1 ಲಕ್ಷ ರೂಪಾಯಿ ಕೊಟ್ಟರು.

ಕೊಟ್ಟದ್ದು ಒಳ್ಳೇದೇ. ಅದರಲ್ಲಿ ಕೊಂಕು ತೆಗೆಯುವುದಿಲ್ಲ. ಆದರೆ ಆ ಪಟ್ಟಿಯ ಅರ್ಥ ಏನು? ಅಷ್ಟು ಜನ ಮುಪ್ಪಾಗುವವರೆಗೂ ದೇಶದ ಕಣ್ಣಿಗೆ ಬಿದ್ದಿರಲಿಲ್ಲ ಎಂದು ದೇಶವೇ ಸಹಿ ಹಾಕಿ ಕೊಟ್ಟಂತೆ. ಕಣ್ಣಿಗೆ ಬಿದ್ದವರು ಇಷ್ಟು. 74ಕ್ಕೇ ಕಣ್ಣು ಮುಚ್ಚಿದವರ ಪಟ್ಟಿ ಮಾಡುವವರು ಯಾರು?

ವಶೀಲಿ ಬೇಕೇನ್ರಿ?

ಈ ಪ್ರಶ್ನೆ ಕೇಳದೆ ನಮ್ಮ ಊರಿನವರು ಬಿಡುವುದಿಲ್ಲ. ಕೇಳಲಿ. ನಿಯಮ ಏನಿದೆ ಎಂದು ಹೇಳುವುದು ನಮ್ಮ ಕೆಲಸ.

ಆಯ್ಕೆ ಮಾಡುವುದು ಅಕಾಡೆಮಿಯ ಮಹಾಸಭೆ. ಅದರಲ್ಲಿ ರಾಜ್ಯ ರಾಜ್ಯಗಳ ಪ್ರತಿನಿಧಿಗಳಿರುತ್ತಾರೆ, ಕಲೆ ಬಲ್ಲವರಿರುತ್ತಾರೆ, ಸರ್ಕಾರ ನೇಮಿಸಿದವರಿರುತ್ತಾರೆ. ಮೇಜಿನ ಮೇಲೆ ಬಂದ ಹೆಸರುಗಳಲ್ಲಿ ಅವರು ಆರಿಸುತ್ತಾರೆ. ಇಲ್ಲಿ 'ಬಂದ ಹೆಸರುಗಳಲ್ಲಿ' ಎಂಬ ಮಾತಿಗೆ ಗೆರೆ ಎಳೆಯಿರಿ. ಹೆಸರು ಮೇಜಿಗೆ ಹೋಗದಿದ್ದರೆ ಎಂಥ ಪ್ರಾಮಾಣಿಕ ಸಮಿತಿ ಕೂತರೂ ಪ್ರಯೋಜನವಿಲ್ಲ. ನಗರದ ಸಂಗೀತಗಾರನಿಗೆ ರೆಕಾರ್ಡ್ ಇದೆ, ಪತ್ರಿಕೆಯ ವಿಮರ್ಶೆ ಇದೆ, ಇಂಗ್ಲಿಷಿನಲ್ಲಿ ಬರೆದುಕೊಡುವ ಶಿಷ್ಯರಿದ್ದಾರೆ. ಜಾತ್ರೆಯಿಂದ ಜಾತ್ರೆಗೆ ತಂಬು ಹಾಕಿಕೊಂಡು ತಿರುಗಿದವನಿಗೆ?

ಒಬ್ಬ ಪೇಟಿ ಮಾಸ್ತರರನ್ನು ನಾನು ಬಲ್ಲೆ. ಬನಶಂಕರಿ ಜಾತ್ರೆಯೂ ಸೇರಿ ಈ ಸೀಮೆಯ ಜಾತ್ರೆಗಳಲ್ಲೆಲ್ಲ ಕಂಪನಿಗಳ ಸಂಗಡ ತಿರುಗಿ, ರಂಗದ ಪಕ್ಕದಲ್ಲಿ ಕೂತು ಪೇಟಿ ಬಾರಿಸುತ್ತಲೇ ತಲೆ ಬೆಳ್ಳಗಾದವರು. ಈಗ ಮಗಳ ಮನೆಯಲ್ಲಿದ್ದಾರೆ. ಈ ಲೇಖನದ ಸಲುವಾಗಿ ಹೋಗಿದ್ದೆ.

'ಮಾಸ್ತರ, ಪೇಟಿ ಬಾರಿಸೋರಿಗೂ ದಿಲ್ಲಿ ಪ್ರಶಸ್ತಿ ಕೊಡ್ತಾರ. ರಂಗಸಂಗೀತ ಅಂತ ಒಂದು ವಿಭಾಗ ಐತಿ. ಕೇಳೀರೇನ್ರಿ?'

ನಕ್ಕರು. 'ತಮ್ಮಾ, ನಾ ಬಾರಿಸೇನಿ ಅನ್ನಾಕ ನನ್ನ ಹತ್ರ ಪುರಾವೆ ಏನೈತಿ? ಎರಡು ಶಾಲು ಅದಾವ. ಒಂದನ್ನ ಹೊಚ್ಕೊಂಡು ಹೊಚ್ಕೊಂಡು ಹರದೈತಿ.'

'ಫೋಟೋ?'

'ನಟರ ಫೋಟೋ ಹೊಡೀತಾರಪಾ. ಪೇಟಿ ಮಾಸ್ತರನ ಫೋಟೋ ಯಾರ ಹೊಡೀತಾರ?'

'ಎಷ್ಟು ಪದ ಬರ್ತಾವ್ರಿ ನಿಮಗ?'

'ಎಣಿಸಿಲ್ಲ. ರಾಜ ಬರೂ ಮುಂದ ಯಾವ ಧಾಟಿ, ಸೂತ್ರಧಾರಗ ಯಾವ ಧಾಟಿ, ಯಾವ ಊರಾಗ ಜನ ಯಾವ ಪದಕ್ಕ ಒನ್ಸ್ ಮೋರ್ ಅಂತಾರ — ಎಲ್ಲಾ ಇಲ್ಲೈತಿ' ಎಂದು ತಲೆ ಮುಟ್ಟಿ ತೋರಿಸಿದರು. ಆಮೇಲೆ ಬೆರಳು ಎತ್ತಿದರು. ಬೆರಳು ನಡುಗುತ್ತಿದ್ದವು. 'ಇಲ್ಲಿ ಮಾತ್ರ ಈಗ ಇಲ್ಲ.'

'ನನ್ನ ಹೆಸರು ಬರೀಬ್ಯಾಡ' ಎಂದು ಬಾಗಿಲವರೆಗೆ ಬಂದು ಹೇಳಿದರು. 'ರೊಕ್ಕಕ್ಕ ಕೈ ಚಾಚ್ಯಾನ ಅಂತಾರ ಮಂದಿ.' ಬರೆದಿಲ್ಲ. ಆದರೆ ಅವರು ಒಬ್ಬರೇ ಅಲ್ಲ. ಓದುಗರಲ್ಲಿ ನೂರು ಜನರಿಗಾದರೂ ತಮ್ಮ ಓಣಿಯ ಒಬ್ಬ ಮುದುಕ, ಒಬ್ಬ ಮುದುಕಿ ಈಗ ನೆನಪಾಗಿರಬೇಕು.

ಜಪಾನಿನವರು ಮಾಡಿದ್ದು

ಹೊರಗಿನ ದೇಶದ ಮಾತು ಒಂದೇ ಒಂದು. ಜಪಾನಿನಲ್ಲಿ ಇಂಥ ಹಿರಿಯ ಕಲಾವಿದರನ್ನೂ ಕುಶಲಕರ್ಮಿಗಳನ್ನೂ ಜನ 'ಜೀವಂತ ರಾಷ್ಟ್ರೀಯ ನಿಧಿ' ಎಂದು ಕರೆಯುತ್ತಾರೆ. 1955ರಿಂದ ಹೀಗೆ ಗುರುತಿಸುತ್ತ ಬಂದಿದ್ದಾರೆ. ಅಲ್ಲಿ ಒಮ್ಮೆ ಶಾಲು ಹೊದೆಸಿ ಮನೆಗೆ ಕಳಿಸುವುದಿಲ್ಲ. ವರ್ಷ ವರ್ಷವೂ 20 ಲಕ್ಷ ಯೆನ್ ಸರ್ಕಾರ ಕೊಡುತ್ತದೆ. ಕಲೆಯನ್ನು ಬೆಳೆಸಿಕೊಂಡು, ಮುಂದಿನವರಿಗೆ ಕಲಿಸಿ ಹೋಗಿ ಎಂಬುದು ಅದರ ಉದ್ದೇಶ. ನಮ್ಮ ಪ್ರಶಸ್ತಿ ಮಾಡಿದ್ದಕ್ಕೆ ಕೊಡುವ ಮರ್ಯಾದೆ. ಅವರದು ಮಾಡಿದ್ದು ಮುಂದುವರಿಯಲಿ ಎಂದು ಕೊಡುವ ಹಣ. ಎರಡಕ್ಕೂ ಅಜಗಜಾಂತರ.

ನಮ್ಮಲ್ಲೂ ರಾಜ್ಯ ಸರ್ಕಾರ ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ಅದು ಔಷಧಿಗೆ, ಚಹಾಕ್ಕೆ. ಒಬ್ಬ ಹುಡುಗನನ್ನು ಎದುರಿಗೆ ಕೂರಿಸಿಕೊಂಡು ಪದ ಹೇಳಿಕೊಡುವುದಕ್ಕೆ ಸಾಲುವ ಹಣವಲ್ಲ.

ನಾವೇನು ಮಾಡಬಹುದು?

ದಿಲ್ಲಿಗೆ ಬೈದು ಅಂಕಣ ಮುಗಿಸುವುದು ಸುಲಭ. ಹುಬ್ಬಳ್ಳಿಯಿಂದ ಬೈದರೆ ದಿಲ್ಲಿಗೆ ಕೇಳಿಸುವುದಿಲ್ಲ ಎಂಬುದೂ ಅಷ್ಟೇ ಸತ್ಯ. ಆದ್ದರಿಂದ ನಮ್ಮ ಕೈಯಲ್ಲಿರುವ ಮೂರು ಕೆಲಸ ಹೇಳುತ್ತೇನೆ.

ಒಂದು. ನಿಮ್ಮ ಓಣಿಯಲ್ಲಿ ಅಂಥ ಹಿರಿಯರಿದ್ದರೆ ಇವತ್ತೇ ಹೋಗಿ ಕೂತು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹುಟ್ಟಿದ ಊರು, ಗುರುವಿನ ಹೆಸರು, ಯಾವ ಕಂಪನಿ ಅಥವಾ ಯಾವ ಮೇಳ, ಎಷ್ಟು ವರ್ಷ. ಎಲ್ಲರ ಜೇಬಿನಲ್ಲೂ ಮೊಬೈಲು ಇದೆ. ಅರ್ಧ ತಾಸು ಹಾಡಿಸಿ, ಮಾತಾಡಿಸಿ, ತುಂಬಿಕೊಳ್ಳಿ. ಮದುವೆಯ ಊಟದ ಎಲೆಯನ್ನೇ ಹತ್ತು ಸಲ ಫೋಟೋ ಹೊಡೆಯುವ ನಮಗೆ ಇದು ಭಾರವಲ್ಲ.

ಎರಡು. ಆ ಹಾಳೆಯನ್ನು ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಚೇರಿಗೂ, ಕಲೆ ಯಾವುದೋ ಅದಕ್ಕೆ ಸಂಬಂಧಿಸಿದ ರಾಜ್ಯದ ಅಕಾಡೆಮಿಗೂ ಕಳಿಸಿ. ನಾಟಕಕ್ಕೆ ಒಂದಿದೆ, ಜಾನಪದಕ್ಕೆ ಒಂದಿದೆ, ಯಕ್ಷಗಾನಕ್ಕೆ ಒಂದಿದೆ, ಸಂಗೀತ ನೃತ್ಯಕ್ಕೆ ಒಂದಿದೆ. ನಾಳೆಯೇ ಪ್ರಶಸ್ತಿ ಬರುತ್ತದೆಂದಲ್ಲ. ಹೆಸರು ಮೇಜಿನ ದಾರಿ ಹಿಡಿಯಲಿ ಎಂದು.

ಮೂರು. ಟಿಕೆಟು ತೆಗೆದುಕೊಳ್ಳಿ. ಜಾತ್ರೆಯಲ್ಲಿ ಕಂಪನಿ ನಾಟಕ ಬಂದಾಗ ಪಾಸು ಕೇಳಬೇಡಿ, ಕಿಡಕಿಯ ಹತ್ತಿರ ಹೋಗಿ ರೊಕ್ಕ ಕೊಟ್ಟು ಟಿಕೆಟು ತೆಗೆಯಿರಿ. ರಾಷ್ಟ್ರಪತಿಗಳು ಕೊಡುವ ಪ್ರಶಸ್ತಿ ಜೀವಮಾನದಲ್ಲಿ ಒಮ್ಮೆ ಬಂದರೆ ಬಂತು. ತುಂಬಿದ ತಂಬು ದಿನಾ ಸಿಗುವ ಪ್ರಶಸ್ತಿ. ಅದನ್ನು ಕೊಡುವ ಅಧಿಕಾರ ನಿಮಗಿದೆ. ಅದಕ್ಕೆ ಯಾವ ಮಹಾಸಭೆಯ ಒಪ್ಪಿಗೆಯೂ ಬೇಡ.

ಅಟ್ಟದ ಮೇಲಿನ ಪುರಾವೆ

ಇಷ್ಟು ಬರೆದು ಮುಗಿಸುವ ಮುನ್ನ ಮತ್ತೆ ದುರ್ಗದ ಬೈಲಿಗೆ ಹೋಗಿದ್ದೆ. ಬಟ್ಟೆ ಅಂಗಡಿಯ ಮಾಲೀಕರಿಗೆ ಎಲ್ಲವನ್ನೂ ಹೇಳಿದೆ. ಪೇಟಿ ಮಾಸ್ತರರ 'ಪುರಾವೆ ಏನೈತಿ' ಎಂಬ ಮಾತು ಬಂದಾಗ ಅವರು ಕಪ್ಪು ಕೆಳಗಿಟ್ಟರು.

'ಸಾಹೇಬ್ರ, ನಮ್ಮ ಅಪ್ಪಾರು ಕಂಪನಿ ಹ್ಯಾಂಡ್‌ಬಿಲ್ಲಿಗೆಲ್ಲಾ ಜಾಹೀರಾತು ಕೊಡ್ತಿದ್ರು. ಕೆಳಗ ನಮ್ಮ ಅಂಗಡಿ ಹೆಸರು, ಮ್ಯಾಲ ನಾಟಕದ ಹೆಸರು, ನಟರ ಹೆಸರು. ಸಂಗೀತ ಯಾರ್ದು ಅಂತನೂ ಹಾಕ್ತಿದ್ರ ನೋಡ್ರಿ. ಒಂದೊಂದು ಪ್ರತಿ ಅವರು ತಂತಿಗೆ ಚುಚ್ಚಿ ಇಡ್ತಿದ್ರು. ಹಳೇ ಲೆಕ್ಕದ ಪುಸ್ತಕದ ಜೋಡಿ ಅಟ್ಟದ ಮ್ಯಾಲ ಇದ್ದೇ ಇರಬೇಕು.'

'ಯಾವಾಗ ನೋಡ್ತೀರಿ?'

'ದೀಪಾವಳಿಗೆ ಅಟ್ಟ ಸ್ವಚ್ಛ ಮಾಡೂ ಮುಂದ...' ಎಂದವರು ನನ್ನ ಮುಖ ನೋಡಿ ತಡೆದರು. 'ಬ್ಯಾಡ ಬಿಡ್ರಿ. ಈ ಐತವಾರನ ಹತ್ತತೇನಿ. ದೀಪಾವಳಿತನ ಮಾಸ್ತರ್ ಇರಬೇಕಲ್ಲ.'

ಅಂಗಡಿಕಾರ ಬಂಧುಗಳೇ, ನಿಮ್ಮ ಅಟ್ಟದ ಮೇಲೂ ಅಂಥ ಹ್ಯಾಂಡ್‌ಬಿಲ್ಲಿನ ಕಟ್ಟು ಇರಬಹುದು. ಈ ಐತವಾರ ಒಮ್ಮೆ ಹತ್ತಿ ನೋಡಿ.